ಒಣಗದ ಟವೆಲ್

ಟವೆಲ್ ಎಂಬ ಪದಾರ್ಥದ ಧರ್ಮ ಒದ್ದೆಯಾಗುವುದು, ಮತ್ತೆ ಒಣಗುವುದು. ಈ ಎರಡು ಅವಸ್ಥೆಗಳ ನಡುವೆ ಓಡಾಡುತ್ತಲೇ ಅದರ ಜನ್ಮ ಸವೆಯುತ್ತದೆ. ನಾಂಪಲ್ಲಿಯ ನಮ್ಮ ಮನೆಯ ಪಡಸಾಲೆಯಲ್ಲಿರುವ ಬಿಳಿ ಟವೆಲೊಂದು ಮಾತ್ರ ಈ ಧರ್ಮವನ್ನು ಅರ್ಧ ಪಾಲಿಸಿ ಅರ್ಧ ಮರೆತಿತ್ತು. ಯಾರೂ ಕೂರದ ಕುರ್ಚಿಯ ಬೆನ್ನಿಗೆ ಹಾಸಿದ ಅದು, ಒಬ್ಬ ಗಂಡಾಳು ಒರಗಿದರೆ ತಲೆ ಎಲ್ಲಿಗೆ ಬರುತ್ತದೋ ಸರಿಯಾಗಿ ಅಲ್ಲಿ, ದಿನಾ ಬೆಳಗ್ಗೆ ಅಂಗೈಯಗಲ ಹಸಿಯಾಗಿರುತ್ತಿತ್ತು. ಮೂಗು ಹತ್ತಿರ ಒಯ್ದರೆ ಕೊಬ್ಬರಿ ಎಣ್ಣೆಯ ವಾಸನೆ. ಹಪ್ಪಳ ಹಾಕುತ್ತಿದ್ದಂತೆಯೇ ಒಣಗುವ ಹೈದರಾಬಾದಿನ ಬೇಸಗೆಯಲ್ಲೂ ಅದು ಒಣಗುತ್ತಿರಲಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿ ನಿವೃತ್ತಳಾದವಳು; ಗೋಡೆಯ ತೇವ, ಗಾಳಿಯ ಆರ್ದ್ರತೆ ಎಂದು ನನಗೆ ನಾನೇ ಪಾಠ ಹೇಳಿಕೊಂಡು, ಕೊನೆಗೆ ನನ್ನ ಬಹುಪಾಲು ವಿದ್ಯಾರ್ಥಿಗಳಂತೆ ಆ ಪ್ರಶ್ನೆಯನ್ನೇ ಬಿಟ್ಟು ಮುಂದಿನದಕ್ಕೆ ಹೋದೆ.

ಕುರ್ಚಿ ನಮ್ಮಪ್ಪನದು. ಸರ್ಕಾರಿ ಕಚೇರಿಗಳ ಮೆಟ್ಟಿಲು ಹತ್ತಿದ ನಿಮಗೆ ಗೊತ್ತಿದ್ದೀತು, ಅಲ್ಲಿ ಸಾಹೇಬರ ಕುರ್ಚಿಗೆ ಬಿಳಿ ಟವೆಲ್ ಎಂದರೆ ರಾಜನಿಗೆ ಛತ್ರವಿದ್ದಂತೆ. ಸಾಹೇಬರು ಊಟಕ್ಕೆ ಹೋಗಿರಲಿ, ಊರಿಗೇ ಹೋಗಿರಲಿ, ಟವೆಲ್ ಇದ್ದರೆ ಅವರಿದ್ದಾರೆ ಎಂದೇ ಭಾವಿಸಿ ಜನ ಬರಿಯ ಕುರ್ಚಿಯ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಬೀದರಿನ ಕಡೆಯಿಂದ ಅಜ್ಜನ ಕಾಲದಲ್ಲೇ ಇಲ್ಲಿಗೆ ಬಂದು ಸರ್ಕಾರಿ ಚಾಕರಿಯನ್ನೇ ಕುಲವೃತ್ತಿ ಮಾಡಿಕೊಂಡ ಮನೆತನ ನಮ್ಮದು. ಕಚೇರಿಯ ಹಳೆಯ ಸಾಮಾನು ಹರಾಜಿಗೆ ಬಂದಾಗ ಅಪ್ಪ ತಾವು ಕೂರುತ್ತಿದ್ದ ಆ ಕುರ್ಚಿಯನ್ನು ಮನೆಗೆ ತಂದರು. ನಿವೃತ್ತಿಯ ನಂತರವೂ ಅದರಲ್ಲೇ ಒರಗಿ, ಕಣ್ಣು ಅರೆಮುಚ್ಚಿ, ಬಲಗೈ ಬೆರಳುಗಳಿಂದ ಕುರ್ಚಿಯ ತೋಳು ತಟ್ಟುತ್ತ ಕೂತಿರುತ್ತಿದ್ದರು. ಅಮ್ಮ ಊಟಕ್ಕೆ ಕರೆದರೆ ಕಚೇರಿಯ ಒಳಗಿಂದಲೇ ಎಂಬಂತೆ ಬರುತ್ತಿದ್ದ ಉತ್ತರ, "ನಾಳಿ ಬರ್ರಿ." ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಅಮ್ಮ ಒಮ್ಮೆಯೂ ನಕ್ಕಿದ್ದನ್ನು ನಾನು ನೋಡಲಿಲ್ಲ.

ಅಪ್ಪ ತೀರಿಕೊಂಡ ಮೇಲೂ ಕುರ್ಚಿ ಉಳಿಯಿತು, ಟವೆಲೂ ಉಳಿಯಿತು. ಅದನ್ನು ವಾರಕ್ಕೊಮ್ಮೆ ಒಗೆದು ಹಾಸುವ ಪದ್ಧತಿಯೂ ಉಳಿಯಿತು. ಹಾಸುವವಳು ನಾನೇ, ಹಾಸು ಎಂದವರು ಯಾರೋ ತಿಳಿಯದು.

ಆ ಕುರ್ಚಿಯ ಪರಮ ವೈರಿಯೆಂದರೆ ನನ್ನ ತಮ್ಮ ಸೀನ. ನಾಚಾರಂನಲ್ಲಿ ಬೋಲ್ಟು, ಬಿಜಾಗರಿ ಮಾಡುವ ಸಣ್ಣ ಕಾರ್ಖಾನೆ ನಡೆಸಿ, ಒಂದೊಂದು ಬೋಲ್ಟಿಗೂ ಒಂದೊಂದು ಪರವಾನಗಿ ಬೇಡಿ ಬೇಸತ್ತು, ಆ ಬೇಸರದ ಬಲದಿಂದಲೇ ರಾಜಕೀಯಕ್ಕಿಳಿದು ಶಾಸಕನಾದವನು. ದೇವರು, ಮನೆತನ, ದುಡಿಮೆ ಈ ಮೂರಕ್ಕೂ ಸರ್ಕಾರದ ಅಪ್ಪಣೆ ಬೇಕಿಲ್ಲ. ಅದು ಗಡಿ ಕಾಯಲಿ, ಕಳ್ಳರನ್ನು ಹಿಡಿಯಲಿ, ಮಿಕ್ಕ ಹೊತ್ತು ಹೊಸ್ತಿಲ ಹೊರಗಿರಲಿ. ಬಂಡಿ ತಳ್ಳುವವನಿಗೆ ದಾರಿ ಬಿಟ್ಟರೆ ದೇಶ ತಾನಾಗಿಯೇ ಮುಂದೆ ಹೋಗುತ್ತದೆ ಎಂಬುದು ಅವನ ದರ್ಶನ. ತೆಲುಗಿನಲ್ಲೂ ದಖನಿ ಉರ್ದುವಿನಲ್ಲೂ ಅವನು ಅದನ್ನು ಹೇಳುವಾಗ ಕಣ್ಣಲ್ಲಿ ನೀರಾಡುತ್ತಿತ್ತು, ಮತ್ತು ಅದು ವೇದಿಕೆಯ ನೀರಾಗಿರಲಿಲ್ಲ. ನಮ್ಮ ಮನೆಗೆ ಬಂದರೆ ಕುರ್ಚಿಯತ್ತ ಬೆರಳು ತೋರಿ, "ಅಕ್ಕಾ, ದೇಶಕ್ಕ ಹಿಡದ ಶನಿ ಇದ ನೋಡು," ಎನ್ನುತ್ತಿದ್ದ. ಎಂದೂ ಅದರಲ್ಲಿ ಕೂತವನಲ್ಲ.

ಆದರೆ ಅವನು ಗೆದ್ದ ಮೇಲೆ ಭಾನುವಾರಗಳಂದು ನಮ್ಮ ಪಡಸಾಲೆಯಲ್ಲೇ ಜನರನ್ನು ಕಾಣತೊಡಗಿದ. ಒಂದು ಭಾನುವಾರ ಮಧ್ಯಾಹ್ನ ನೆಲವೂ ಕಿಟಕಿಯ ಕಟ್ಟೆಯೂ ತುಂಬಿ, ಖಾಲಿ ಉಳಿದದ್ದು ಆ ಕುರ್ಚಿಯೊಂದೇ. "ಇವತ್ತ ಶನಿ ಮ್ಯಾಲ ನಾನ ಕುಂದರ್ತೀನಿ," ಎಂದು ನಗುತ್ತಾ ಕೂತ. ನಗು ಅರ್ಧಕ್ಕೇ ನಿಂತಿತು. ಅವನ ತಲೆ ಹಿಂದಕ್ಕೆ ಸರಿದು ಆ ಹಸಿಯ ಮೇಲೆ ಒರಗಿತು.

ಎದುರಿಗಿದ್ದವಳು ಭೀಮವ್ವ. ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಕಾಲಿಗೆ ಪೆಟ್ಟಾದ ಮೇಲೆ ಮಾದಾಪುರದ ಕಂಪನಿಗಳ ಮುಂದೆ ತಳ್ಳುಬಂಡಿಯಲ್ಲಿ ಜೋಳದ ರೊಟ್ಟಿ ಮಾರುತ್ತಿದ್ದ ಹೆಂಗಸು. ಯಾವುದೋ ಇಲಾಖೆಯ ಲಾರಿ ಅವಳ ಬಂಡಿಯನ್ನು ಎತ್ತಿಕೊಂಡು ಹೋಗಿತ್ತು.

"ಸಾಹೇಬ್ರ, ಬಂಡಿ ಇಲ್ಲಂದ್ರ ನಮ್ಮ ಮನಿ ಒಲಿ ಹತ್ತಂಗಿಲ್ಲರಿ. ಬಂಡಿ ತಳ್ಳೋರ್ನ ಯಾರೂ ತಡಿಯಂಗಿಲ್ಲ ಅಂತ ನೀವ ಹೇಳಿದ್ರೆಲ್ಲ?"

ಸೀನನ ಕಣ್ಣು ಅರೆಮುಚ್ಚಿದ್ದವು. ಬಲಗೈ ಬೆರಳುಗಳು ಕುರ್ಚಿಯ ತೋಳನ್ನು ತಟ್ಟತೊಡಗಿದವು.

"ನಾಳಿ ಬರ್ರಿ."

ಅದು ಅಪ್ಪನ ದನಿ. ಜನ ಹೋದ ಮೇಲೆ ಕೇಳಿದರೆ, ಭೀಮವ್ವ ಎಂಬವಳು ಬಂದದ್ದೇ ಅವನಿಗೆ ನೆನಪಿರಲಿಲ್ಲ. ನನಗೆ ಭಯವಾಯಿತು, ಸಿಟ್ಟೂ ಬಂತು. ಬದುಕಿರುವಾಗಲೇ ಅಪ್ಪನನ್ನು ಆ ಕುರ್ಚಿಗೆ ಕಳೆದುಕೊಂಡವರು ನಾವು. ಈಗ ತಮ್ಮನನ್ನೂ ಕೊಡು ಎಂದರೆ ಕೊಡಲು ನಾನು ಸಿದ್ಧಳಿರಲಿಲ್ಲ.

ಮರುದಿನ ಭೀಮವ್ವ ಬಂದಳು. ಪಾಪ, ನಾಳೆ ಎಂದರೆ ನಾಳೆ ಎಂದೇ ನಂಬಿದವಳು. ಹಿಂದೆಯೇ ಸೀನನೂ ಬಂದ, ಮತ್ತು ನನ್ನ ಮುಖವನ್ನೂ ನೋಡದೆ ನೇರ ಕುರ್ಚಿಯತ್ತ ನಡೆದ. ನಾನು ಓಡಿಹೋಗಿ ಭೀಮವ್ವನ ಕೈಹಿಡಿದೆಳೆದು ಅದರಲ್ಲಿ ಕೂರಿಸಿಬಿಟ್ಟೆ. ನನ್ನ ವಯಸ್ಸಿನ ಮಂಡಿಗಳು ಆ ವೇಗವನ್ನು ಈಗಲೂ ನಂಬುವುದಿಲ್ಲ. "ಅಯ್ಯ, ಬ್ಯಾಡ್ರಿ ಅಕ್ಕಾರ," ಎನ್ನುತ್ತಿದ್ದವಳ ತಲೆ ಮೆಲ್ಲಗೆ ಟವೆಲಿಗೆ ತಾಗಿತು. ಕಣ್ಣು ಅರೆಮುಚ್ಚಿದವು. ಹಿಟ್ಟು ನಾದಿ ಗಟ್ಟಿಯಾದ ಬೆರಳುಗಳು ಕುರ್ಚಿಯ ತೋಳು ತಟ್ಟಿದವು. ಎದುರಿಗೆ ನಿಂತ ಶಾಸಕರ ಕೈಗಳು ತಾವಾಗಿಯೇ ಕಟ್ಟಿಕೊಂಡವು.

"ಸೀನ್ಯಾ, ಆಕಿ ಬಂಡಿ ಎಲ್ಲೈತಿ?"

ಅವನನ್ನು ಸೀನ್ಯಾ ಎಂದು ಕರೆಯುತ್ತಿದ್ದವರು ಲೋಕದಲ್ಲಿ ಅಪ್ಪ ಒಬ್ಬರೇ. ಸೀನ ಬೆವರುತ್ತಾ ಫೋನು ತೆಗೆದ. ಸಂಜೆಯೊಳಗೆ ಬಂಡಿ ಹಂಚಿನ ಸಮೇತ ಮಾದಾಪುರಕ್ಕೆ ಮರಳಿತ್ತು. ಭೀಮವ್ವನೋ, ಎದ್ದು ಸೆರಗು ಸರಿಮಾಡಿಕೊಂಡು, "ಸಾಹೇಬ್ರು ಯಾವಾಗ ಬಂದ್ರಿ?" ಎಂದು ಅವನನ್ನೇ ಕೇಳಿದ್ದಳು.

ಅಂದು ಮಧ್ಯಾಹ್ನವೇ ಟವೆಲ್ ಒಣಗಿತು. ಮುಟ್ಟಿ ನೋಡಿದೆ, ಮೂಸಿ ನೋಡಿದೆ; ಬಿಸಿಲಿನ ವಾಸನೆ ಬಿಟ್ಟರೆ ಏನಿಲ್ಲ. ಬದುಕಿದ್ದಾಗ ಮುಗಿಸದೆ ಬಿಟ್ಟ ಒಂದು ಕೆಲಸಕ್ಕಾಗಿ ಅಪ್ಪ ಕಾದಿದ್ದರೇನೋ ಎಂದುಕೊಂಡು ಅತ್ತೆ, ಹಗುರಾದೆ. ಕುರ್ಚಿಗಳನ್ನು ಕಡಿಮೆ ಮಾಡಬೇಕೆನ್ನುವ ತಮ್ಮನ ಮಾತು ಸರಿಯೇ, ಆದರೆ ಕೂತವರನ್ನು ಆಗಾಗ ಎಬ್ಬಿಸಿ ನಿಂತವರನ್ನು ಕೂರಿಸಿದರೂ ನಡೆದೀತು ಎಂದೆಲ್ಲ ನನ್ನ ಪಾಲಿನ ರಾಜ್ಯಶಾಸ್ತ್ರವನ್ನೂ ಹೊಸೆದೆ.

ಮುಂದಿನ ವಾರ ಸೀನನನ್ನು ಬೀಳ್ಕೊಡಲು ಬಾಗಿಲಿಗೆ ಬಂದೆ. ಅವನ ಕಾರಿನ ಹಿಂದಿನ ಸೀಟಿಗೆ ಬಿಳಿ ಟವೆಲ್ ಹಾಸಿತ್ತು. ಯಾರು ಹಾಸಿದರೆಂದು ಡ್ರೈವರನನ್ನು ಕೇಳಿದೆ.

"ಗಾಡಿ ಬಂದಾಗಿಂದ ಐತೆಲ್ರಿ ಅಕ್ಕಾರ," ಎಂದ.

ಕಿಟಕಿಯಿಂದ ಕೈ ಚಾಚಿ ಮುಟ್ಟಿದೆ. ತಲೆ ಒರಗುವ ಜಾಗದಲ್ಲಿ ಅಂಗೈಯಗಲ ಹಸಿ. ಅಷ್ಟರಲ್ಲಿ ಸೀನ ಬಂದು ಕೂತ, ಒರಗಿದ. ನಾನು ಅಮ್ಮ ಕರೆಯುತ್ತಿದ್ದ ಹಾಗೆಯೇ ಕರೆದೆ: "ಸೀನಾ, ಸಂಜಿಗೆ ಊಟಕ್ಕ ಬಾರೋ."

ಅವನ ಬೆರಳುಗಳು ಬಾಗಿಲಿನ ಅಂಚನ್ನು ತಟ್ಟುತ್ತಿದ್ದವು.

"ನಾಳಿ ಬರ್ರಿ," ಎಂದ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ನೋಡಿಕೊಂಡರೆ, ನಾನು ಕೈಕಟ್ಟಿ ನಿಂತಿದ್ದೆ.