ಅಕ್ಕ ಕೂರುವ ಜಾಗ

ಯಾವ ಸಾಮಾನು ಕೈಗೆ ಸಿಕ್ಕಿದರೂ ನಮ್ಮ ಸೀತಾರಾಮ ಭಾವ ಮೊದಲು ಕೇಳುವುದು, ಇದರಲ್ಲಿಟ್ಟರೆ ಸಾಂಬಾರು ಚೆಲ್ಲುತ್ತದೋ ಹೇಗೆ ಎಂದು. ವಡೋದರಾದ ಮಕರಪುರದಲ್ಲಿ, ಕಾರ್ಖಾನೆಗಳ ನಡುವೆ, ಅವರದೊಂದು ಉಡುಪಿ ಹೋಟೆಲು. ಗಲ್ಲಾಪೆಟ್ಟಿಗೆಯ ಮುಂದೆ ಅವರು, ಒಲೆಯ ಮುಂದೆ ನನ್ನ ಅಕ್ಕ ಸುಲೋಚನಾ. ಮದುವೆಯಾದಂದಿನಿಂದ ಇಬ್ಬರೂ ಒಟ್ಟಿಗೆ ಒಂದು ಊರು ನೋಡಿದ್ದಿಲ್ಲ, ಪುಣ್ಯಾತ್ಮರು!

ದೀಪಾವಳಿಗೆ ಕಾರ್ಖಾನೆಗಳು ಮುಚ್ಚಿದಾಗ ಕಛ್‌ಗೆ ಹೋಗೋಣವೆಂದು ಭಾವ ಈ ವರ್ಷ ದೊಡ್ಡ ಬೈಕು ತಂದರು. ಅದರ ಎರಡೂ ಬದಿಗೆ ಸಾಮಾನಿನ ರ‍್ಯಾಕ್ ಕೊಳ್ಳಲು ಇಬ್ಬರೂ ಅದರಲ್ಲೇ ಅಹಮದಾಬಾದಿಗೆ ಬಂದರು. ಅಲ್ಲಿ ಸ್ಯಾಟಲೈಟ್ ಬಡಾವಣೆಯಲ್ಲಿ ನನ್ನ ಮನೆಯ ಹತ್ತಿರವೇ ಮಯೂರನ ಬೈಕು ಸಾಮಾನಿನ ಅಂಗಡಿ. ಅವನು ಎರಡು ಬಗೆ ತೋರಿಸಿದ. ಒಂದು ನಟ್ಟು ಬಿಗಿದು ಕಾಯಂ ಕೂರಿಸುವುದು, ಇನ್ನೊಂದು ಹಿಡಿ ತಿರುಗಿಸಿದರೆ ಕಳಚಿ ಬರುವುದು.

ಭಾವ ನಟ್ಟಿನದ್ದನ್ನು ಹಿಡಿದು ಅಲ್ಲಾಡಿಸಿದರು. "ಇದು ಗಟ್ಟಿ. ಎಡಕ್ಕೆ ಗ್ಯಾಸ್ ಒಲೆ, ಬಲಕ್ಕೆ ಅಕ್ಕಿ ಬೇಳೆ, ಹಿಂದೆ ಇಡ್ಲಿ ಪಾತ್ರೆ."

ನನಗೆ ರೇಗಿತು. "ಇಡ್ಲಿ ಪಾತ್ರೆ ಎಂಥಕ್ಕೆ ಭಾವ? ಕಛ್‌ನವರು ಊಟ ಮಾಡುದಿಲ್ವಾ?"

"ಹೋಟ್ಲಿನದ್ದು ನಂಬ್ಲಿಕ್ಕಾಗ್ತದಾ ಕಿಶೋರ? ನಾವೇ ಹೋಟ್ಲಿನವರು, ನಮ್ಗೆ ಗೊತ್ತಿಲ್ವಾ!"

"ಅಕ್ಕ ಎಲ್ಲಿ ಕೂರುದು ಮಾರಾಯ್ರೆ?"

ಭಾವ ಬೆಪ್ಪಾಗಿ ಬೈಕನ್ನೇ ನೋಡಿದರು. ಅಕ್ಕ ಸೀರೆಯವಳು, ಎರಡೂ ಕಾಲನ್ನು ಎಡಕ್ಕೇ ಇಳಿಬಿಟ್ಟು ಕೂರುವವಳು. ಎಡಕ್ಕೆ ಒಲೆ ಕಟ್ಟಿದರೆ ಅವಳ ಕಾಲಿಗೆ ಜಾಗವೇ ಇಲ್ಲ. ಇಷ್ಟು ದೊಡ್ಡ ಮನುಷ್ಯನಿಗೆ ಇದೊಂದು ಹೊಳೆಯಲಿಲ್ಲವಲ್ಲ!

ಅಕ್ಕ ಬೈಕಿನ ಸೀಟಿನ ಮೇಲೆ ಕೈಯಿಟ್ಟಳು. "ಒಲೆ ಬರುದಾದ್ರೆ ನಾನು ಬರುದಿಲ್ಲ," ಎಂದಳು. "ಅಲ್ಲಿಯೂ ಅದ್ರ ಮುಂದೆಯೇ ನಿಲ್ಬೇಕಾದ್ರೆ ನಂಗೆ ಮಕರಪುರವೇ ಸಾಕು."

ಭಾವ ನಟ್ಟಿನದ್ದನ್ನು ಮಯೂರನಿಗೆ ವಾಪಸು ಕೊಟ್ಟರು. ಕಳಚುವ ರ‍್ಯಾಕನ್ನೇ ಹಾಕಿಸಿಕೊಂಡರು. ಮುಂದೆ ಕಾರ್ಖಾನೆಗೆ ತಿಂಡಿ ಸಾಗಿಸುವಾಗ ಎರಡೂ ಬದಿಯದು ಬೇಕೇ ಬೇಕಲ್ಲ. ಹಾಕಿಸಿದ ಮೇಲೆ ಎಡಗಡೆಯದರ ಹಿಡಿಯನ್ನು ತಾವೇ ತಿರುಗಿಸಿ, ಕಳಚಿ, ನನ್ನ ಕೈಗೆ ಕೊಟ್ಟರು. "ನಾವು ಕಛ್‌ನಿಂದ ಬರುವವರೆಗೆ ನಿನ್ನ ಮನೆಯಲ್ಲಿರ್ಲಿ," ಎಂದರು. ಒಲೆಯ ಸುದ್ದಿ ಮತ್ತೆ ಬರಲಿಲ್ಲ.

ಹೊರಟ ದಿನ ಮಧ್ಯಾಹ್ನ ಭಾವನ ಫೋನು ಬಂತು. ಹೆದ್ದಾರಿಯ ಯಾವುದೋ ಹೋಟೆಲಿನಲ್ಲಿದ್ದರು. "ದಾಲಿಗೆ ಉಪ್ಪು ಜಾಸ್ತಿ ಅಂತ ಹೇಳ್ತಾಳೆ, ಎರಡನೇ ಸಲ ಹಾಕಿಸ್ಕೊಳ್ತಾಳೆ, ನಿನ್ನ ಅಕ್ಕ!" ಎಂದು ನಕ್ಕು ಅವಳಿಗೆ ಫೋನು ಕೊಟ್ಟರು.

"ಯಾರೋ ಬಿಸಿ ರೊಟ್ಟಿ ತಂದು ತಂದು ಹಾಕ್ತಿದ್ದಾರೆ ತಮ್ಮಾ," ಎಂದಳು ಅಕ್ಕ. "ನಾನು ಕೂತಲ್ಲಿಂದ ಎದ್ದೇ ಇಲ್ಲ."