ಮನೆ-ಗಾಡಿಯ ಬಿರುಕು

ಕಾರ್ಖಾನೆಯಲ್ಲಿ ನನ್ನ ಕೆಲಸ ಬಿರುಕು ಹುಡುಕುವುದು. ಬೀಡುಕಬ್ಬಿಣದ ಬಿಡಿಭಾಗಗಳು ನನ್ನ ಮೇಜಿಗೆ ಬರುತ್ತವೆ. ಒಂದೊಂದನ್ನೂ ಒರೆಸಿ, ಕೆಂಪು ಬಣ್ಣ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಒರೆಸಿ ಬಿಳಿಯ ಪುಡಿ ಸಿಂಪಡಿಸುತ್ತೇನೆ. ಕಣ್ಣಿಗೆ ಕಾಣದ ಸೀಳೇನಾದರೂ ಇದ್ದರೆ, ಅದರೊಳಗೆ ಇಳಿದಿದ್ದ ಬಣ್ಣ ಬಿಳಿಯ ಮೇಲೆ ಕೆಂಪು ಗೆರೆಯಾಗಿ ಏಳುತ್ತದೆ. ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಹೀಗಿದ್ದೂ ನಮ್ಮದೇ ಗಾಡಿಯ ಬಿರುಕು ನನಗೆ ಗೊತ್ತಾಗಲಿಲ್ಲ. ಅತ್ತೆಯ ಜೀವಕ್ಕೆ ಕುತ್ತು ಬರುವವರೆಗೂ ಗೊತ್ತಾಗಲಿಲ್ಲ.

ಆ ಗಾಡಿ ನಮ್ಮ ಮನೆಗೆ ಬಂದದ್ದು ಬೇರಿಕೆ ಊರಿನ ಕಡೆಯ ಒಂದು ಹೂವಿನ ತೋಟದಿಂದ. ನನ್ನ ಯಜಮಾನರು ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವರು. ಆ ತೋಟಕ್ಕೆ ಹೋದಾಗಲೆಲ್ಲ ಹುಣಸೆ ಮರದ ಕೆಳಗೆ ಟಾರ್ಪಾಲು ಹೊದ್ದು ನಿಂತಿದ್ದ ಅದನ್ನು ನೋಡುತ್ತಿದ್ದರು. ಹಿಂದೆ ಯಾವುದೋ ಕಾಲದಲ್ಲಿ ತೋಟ ನಡೆಸುತ್ತಿದ್ದ ವಿದೇಶದವರೊಬ್ಬರು ತಂದು ಬಿಟ್ಟುಹೋದದ್ದಂತೆ. ಹೊರಗಿನಿಂದ ಸಣ್ಣ ಬಸ್ಸಿನ ಹಾಗೆ. ಒಳಗೆ ಒಂದು ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಬಟ್ಟೆಯ ಬೀರು. ಡ್ರೈವರ್ ಸೀಟಿಗೂ ಪಕ್ಕದ ಸೀಟಿಗೂ ನಡುವೆ ಒಂದು ದೊಡ್ಡ ಮುಚ್ಚಳ, ಅದರಡಿ ಪೆಟ್ರೋಲ್ ಎಂಜಿನ್ನು. ಎರಡು ಪಕ್ಕಕ್ಕೂ ನಾಲ್ಕು ನಾಲ್ಕು ಸಿಲಿಂಡರು.

ಅದನ್ನು ತರುವುದಕ್ಕೆ ಅತ್ತೆಯೇ ಕಾರಣ. ಅವರ ಸೊಂಟದ ಆಪರೇಷನ್ ಆಗಿ ನಾಲ್ಕು ವರ್ಷವಾಗಿತ್ತು. ಹತ್ತು ನಿಮಿಷಕ್ಕಿಂತ ಹೆಚ್ಚು ಕೂತರೆ ನೋವು, ಆದ್ದರಿಂದ ಬಸ್ಸೂ ಇಲ್ಲ ಕಾರೂ ಇಲ್ಲ. ಅವರಿಗಿದ್ದ ಒಬ್ಬಳೇ ತಂಗಿ ಧರ್ಮಪುರಿಯಲ್ಲಿ, ಆಕೆಗೆ ಕಣ್ಣು ಮಂಜು. ಅಕ್ಕತಂಗಿಯರು ದಿನಾ ಫೋನಿನಲ್ಲಿ ಮಾತಾಡಿ, ಕೊನೆಗೆ ಇಬ್ಬರೂ ಅತ್ತು ಫೋನಿಡುತ್ತಿದ್ದರು. "ಅಮ್ಮ ಮಲಗಿಕೊಂಡೇ ಹೋಗಬಹುದು ಕಣೆ," ಎಂದು ಯಜಮಾನರು ಒಂದು ವರ್ಷ ರಜೆಯ ದಿನಗಳನ್ನೆಲ್ಲ ಸುರಿದು ಆ ಗಾಡಿಯನ್ನು ಓಡುವಂತೆ ಮಾಡಿದರು, ಕಾಗದಪತ್ರ ಸರಿಪಡಿಸಿದರು.

ಹೊರಟ ದಿನ ಬೆಳಿಗ್ಗೆ ಹೊಸೂರಿನ ಪಕ್ಕದ ಮತ್ತಿಗಿರಿಯ ನಮ್ಮ ಬೀದಿಯವರೆಲ್ಲ ನೋಡಲು ಬಂದಿದ್ದರು. ಎಂಜಿನ್ನಿನಿಂದ 'ಟಿಕ್ ಟಿಕ್ ಟಿಕ್' ಎಂದು ಸಣ್ಣ ಸದ್ದು ಬರುತ್ತಿತ್ತು. ಏನದು ಎಂದು ನಾನು ಕೇಳಿದೆ. ಯಜಮಾನರು, "ಹಳೇ ಎಂಜಿನ್ನು, ಬಿಸಿಯಾದರೆ ಸದ್ದು ನಿಲ್ಲುತ್ತೆ, ಏನೂ ಆಗಲ್ಲ," ಎಂದರು. ನಿಜಕ್ಕೂ ನಿಂತಿತು.

ಅತ್ತೆ ಮಂಚದ ಮೇಲೆ ಮಲಗಿದ್ದರು. ನಾನು ಅವರ ಕಾಲ ಬಳಿ ಕೂತಿದ್ದೆ. ಹೆದ್ದಾರಿಗೆ ಬಂದ ಮೇಲೆ ಅವರು, "ಗಾಳಿ ಕಿವಿಗೆ ಒಡೀತದೆ, ಕಿಟಕಿ ಮುಚ್ಚವ್ವ," ಎಂದರು. ಮುಚ್ಚಿದೆ. ಹಿಂಭಾಗದ ಎಲ್ಲ ಕಿಟಕಿಗಳನ್ನೂ ನಾನೇ, ನನ್ನ ಕೈಯಾರೆ, ಚಿಲಕ ಹಾಕಿ ಮುಚ್ಚಿದೆ.

ಶೂಲಗಿರಿ ದಾಟುವಾಗ ನನ್ನ ಹಣೆ ಬಿಗಿಯತೊಡಗಿತು. ಬಿಸಿಲಿರಬೇಕು ಎಂದುಕೊಂಡೆ. ಅತ್ತೆ ಮಾತು ನಿಲ್ಲಿಸಿದ್ದರು; ನಿದ್ದೆ ಬಂದಿದೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಇನ್ನೂ ಸ್ವಲ್ಪ ದೂರ ಹೋದ ಮೇಲೆ ಹೊಟ್ಟೆ ತೊಳಸಿತು. ನೀರು ಕುಡಿಯೋಣವೆಂದು ಎದ್ದರೆ ಮೊಣಕಾಲು ನನ್ನ ಮಾತು ಕೇಳಲಿಲ್ಲ. ಆಗ ಅತ್ತೆಯನ್ನು ಅಲುಗಿಸಿದೆ. ಕಣ್ಣು ಅರ್ಧ ತೆರೆದರು, ನನ್ನನ್ನು ಗುರುತಿಸಲಿಲ್ಲ. ಬಾಯಿಯ ಅಂಚಿನಿಂದ ವಾಂತಿ ಇಳಿದು ದಿಂಬು ನೆನೆದಿತ್ತು.

"ರೀ, ನಿಲ್ಲಿಸ್ರೀ!" ಎಂದು ಕೂಗಿದೆ. ಕೂಗಿದೆನೆಂದು ನಾನಂದುಕೊಂಡದ್ದು, ನನಗೆ ಕೇಳಿಸಿದ್ದು ಪಿಸುಮಾತಿನಂತೆ ಅಷ್ಟೇ. ಎರಡನೆಯ ಸಲಕ್ಕೆ ಅವರು ತಿರುಗಿ ನೋಡಿದರು. ಅವರ ಪಕ್ಕದ ಕಿಟಕಿ ತೆರೆದೇ ಇತ್ತು, ಅವರಿಗೇನೂ ಆಗಿರಲಿಲ್ಲ. ಗಾಳಿಯಾಡಲೆಂದು ಕಿಟಕಿಗಳನ್ನೆಲ್ಲ ತೆರೆದು, ಅದೇ ಗಾಡಿಯಲ್ಲಿ ಕೃಷ್ಣಗಿರಿಗೆ ಓಡಿದೆವು.

ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅತ್ತೆಯ ಸಕ್ಕರೆ ನೋಡಿದರು, ಬಿಪಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ತಮಿಳಿನಲ್ಲಿ, "ನಿಮಗೂ ತಲೆನೋವಿದೆಯಾ?" ಎಂದರು. ಇದೆ ಎಂದೆ. "ಯಾವ ಗಾಡಿಯಲ್ಲಿ ಬಂದಿರಿ? ಅದರ ಹೊಗೆ ಎಲ್ಲಿಂದ ಹೋಗುತ್ತದೆ?" ಎಂದರು. ನನ್ನ ಯಜಮಾನರ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ವಾಸನೆ ಇಲ್ಲದ ವಿಷಗಾಳಿ, ಎಂಜಿನ್ನಿನ ಹೊಗೆಯಲ್ಲಿ ಇರುವಂಥದ್ದು, ಇನ್ನರ್ಧ ಗಂಟೆ ಹಾಗೇ ಹೋಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರಮ್ಮ. ಅತ್ತೆಗೂ ನನಗೂ ಪಕ್ಕಪಕ್ಕದ ಮಂಚದಲ್ಲಿ ಆಮ್ಲಜನಕ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅತ್ತೆಗೆ ತಿಳಿವು ಬಂತು.

"ಯಾಕವ್ವ ಮೂತಿಗೆ ಬುಡ್ಡಿ ಕಟ್ಟವ್ರೆ?" ಎಂದರು. "ತಂಗಿ ಮನೆ ಬಂತಾ?"

ನಾನು ಮುಖ ಆ ಕಡೆ ತಿರುಗಿಸಿಕೊಂಡೆ.

ಮರುದಿನ ಅತ್ತೆಯನ್ನು ನೋವಿದ್ದರೂ ಬೇರೆ ದಾರಿಯಿಲ್ಲದೆ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿಸಿ, ಅವರ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು ವಾಪಸು ಹೊರಟೆವು. ಯಜಮಾನರು ಗಾಡಿಯನ್ನು ಅಲ್ಲೇ ಬಿಟ್ಟುಬರಲು ಒಪ್ಪಲಿಲ್ಲ. ಎಲ್ಲ ಕಿಟಕಿ, ಬಾಗಿಲು ತೆರೆದು ಹಗ್ಗದಲ್ಲಿ ಕಟ್ಟಿ, ಒಬ್ಬರೇ ಓಡಿಸಿಕೊಂಡು ಬಂದರು. ಮೈಲಿಗೊಂದು ಸಲ ನಿಲ್ಲಿಸಿ ಫೋನ್ ಮಾಡಬೇಕೆಂದು ಆಣೆ ಹಾಕಿಸಿದ್ದೆ. ಒಮ್ಮೆ ಫೋನ್ ಬರಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಕಾರು ನಿಲ್ಲಿಸಿ ಹೆದ್ದಾರಿಯ ಬದಿಯಲ್ಲಿ ಹಿಂದಕ್ಕೆ ನೋಡುತ್ತ ನಿಂತೆ. ಕೊನೆಗೆ ಅದು ಬಂತು, ಎಲ್ಲ ಪರದೆಗಳೂ ಹೊರಗೆ ಹಾರಾಡುತ್ತಾ. ಎಂಜಿನ್ನಿನ ಸದ್ದಿಗೆ ಫೋನು ಕೇಳಿಸಲಿಲ್ಲವಂತೆ.

ಆ ಭಾನುವಾರ ಅವಲಪಲ್ಲಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಮನೆಯಲ್ಲಿ ತೆಲುಗು ಮಾತಾಡುವ, ಎಲ್ಲರನ್ನೂ ಅಕ್ಕ ಅಣ್ಣ ಎನ್ನುವ ಐವತ್ತರ ಮನುಷ್ಯ. ಮುಚ್ಚಳ ತೆಗೆದು ತಣ್ಣಗಿದ್ದ ಎಂಜಿನ್ನು ಚಾಲೂ ಮಾಡಿಸಿದರು. 'ಟಿಕ್ ಟಿಕ್' ಶುರುವಾಯಿತು. "ಹೊಗೆ ಸೋರ್ತಾ ಐತೆ ಅಕ್ಕಾ, ಈ ಮ್ಯಾನಿಫೋಲ್ಡಲ್ಲಿ," ಎಂದರು. ಸಿಲಿಂಡರುಗಳಿಂದ ಬರುವ ಬಿಸಿ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕೊಳವೆಗೆ ದಾಟಿಸುವ ಬೀಡುಕಬ್ಬಿಣದ ತುಂಡು ಅದು, ಪಕ್ಕಕ್ಕೊಂದರಂತೆ ಎರಡು. ಬಿಸಿಯಾದಾಗ ಉಬ್ಬಿ ಸೀಳು ಮುಚ್ಚಿಕೊಂಡಂತಾಗಿ ಸದ್ದು ನಿಲ್ಲುತ್ತದೆ, ಸೋರುವುದು ನಿಲ್ಲುವುದಿಲ್ಲ ಎಂದರು.

ಎಂಜಿನ್ನು ಆರಿಸಿ ತಣ್ಣಗಾದ ಮೇಲೆ ನಾನು ಮನೆಯೊಳಗೆ ಹೋಗಿ, ಕಾರ್ಖಾನೆಯಿಂದ ಕೇಳಿ ತಂದಿದ್ದ ಕೆಂಪು ಮತ್ತು ಬಿಳಿ ಡಬ್ಬಿಗಳನ್ನು ತಂದೆ. ತಂತಿಬ್ರಷ್ಷಿನಿಂದ ತುಕ್ಕು ಉಜ್ಜಿದೆ. ಬಣ್ಣ ಹೊಡೆದು ಕಾದು, ಒರೆಸಿದೆ. ಬಿಳಿ ಹೊಡೆದೆ. ಬಲಗಡೆಯದರ ಮೇಲೆ ಒಂದು ಬೆರಳುದ್ದದ ಗೆರೆ ನಿಧಾನವಾಗಿ ಮೂಡಿತು, ಅದರಿಂದ ಇನ್ನೊಂದು ಕವಲು. ಎಡಗಡೆಯದರ ತುದಿಯಲ್ಲೂ ಒಂದು. ಅದರ ನೇರಕ್ಕೆ ನೆಲದ ತಗಡಿನಲ್ಲಿ, ಯಾವತ್ತೋ ವೈರು ಎಳೆಯಲು ಕೊರೆದು ಮುಚ್ಚದೆ ಬಿಟ್ಟ ತೂತು, ಹೊಗೆ ಒಳಗೆ ಬಂದ ದಾರಿ. ಯಜಮಾನರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಗಾಡಿ ಮಾರಿಬಿಡೋಣ," ಎಂದರು.

"ಯಾರಿಗೆ? ಇನ್ನೊಬ್ಬರ ಅಮ್ಮನಿಗಾ?" ಎಂದೆ. ನನ್ನ ದನಿ ಅಷ್ಟು ಒರಟಾಗುತ್ತದೆಂದು ನನಗೇ ಗೊತ್ತಿರಲಿಲ್ಲ. ಆಮೇಲೆ ಎರಡು ದಿನ ನಾವಿಬ್ಬರೂ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡಿದೆವು. ಉಳಿದ ಹೊತ್ತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಕಿಟಕಿ ಮುಚ್ಚಿದ್ದು ನೀನು ಎನ್ನುತ್ತಿರಬಹುದೆಂದು ನಾನು, ಸದ್ದನ್ನು ಅಲಕ್ಷ್ಯ ಮಾಡಿದ್ದು ನೀವು ಎನ್ನುತ್ತಿರಬಹುದೆಂದು ಅವರು ಅಂದುಕೊಂಡಿದ್ದೆವು. ಆಮೇಲೆ ಕೇಳಿದರೆ ಇಬ್ಬರೂ ನಮ್ಮನ್ನು ನಾವೇ ಬೈದುಕೊಳ್ಳುತ್ತಿದ್ದೆವು.

ಸೀಳಿಗೆ ವೆಲ್ಡಿಂಗ್ ಹಾಕಿದರೆ ಸಾಲದೇ ಎಂದು ಕೇಳಿದ್ದಕ್ಕೆ ಮೆಕ್ಯಾನಿಕ್ ಅಡ್ಡಡ್ಡ ತಲೆಯಾಡಿಸಿದರು. "ಬೀಡು ಅಲ್ವಾ ಅಕ್ಕಾ. ಕಾಯ್ತದೆ, ಆರ್ತದೆ, ಪಕ್ಕದಲ್ಲೇ ಮತ್ತೆ ಸೀಳ್ತದೆ." ಹೊಸದು ಸಿಗುವ ಮಾತೇ ಇರಲಿಲ್ಲ. ಉಳಿದ ದಾರಿ ಹೆಡರ್ ಮಾಡಿಸುವುದು: ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಉಕ್ಕಿನ ಕೊಳವೆ ಬಾಗಿಸಿ, ನಾಲ್ಕನ್ನೂ ಕೆಳಗೆ ಒಂದಾಗಿ ಸೇರಿಸುವುದು. ಹೊಸೂರಿನಲ್ಲಿ ಸೈಲೆನ್ಸರ್ ಮಾಡುವ ತಮಿಳಿನವರೊಬ್ಬರಿದ್ದರು, ಅವರು ಒಪ್ಪಿಕೊಂಡರು.

ಮೊದಲು ಹಳೆಯದನ್ನು ಬಿಚ್ಚಬೇಕಿತ್ತು. ಒಟ್ಟು ಹದಿನಾರು ಬೋಲ್ಟು, ಎಲ್ಲವೂ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಮೂರು ದಿನ ಎಣ್ಣೆ ಬಿಟ್ಟು ನೆನೆಹಾಕಿದೆವು. ನಾನು ಎರಡನೇ ಶಿಫ್ಟಿಗೆ ಹಾಕಿಸಿಕೊಂಡು ಬೆಳಿಗ್ಗೆಯೆಲ್ಲ ಗಾಡಿಯ ಬಳಿಯೇ ಇದ್ದೆ. ಮೆಕ್ಯಾನಿಕ್ ಬೆಂಕಿಯಿಂದ ಕಾಯಿಸಿ, ಸ್ಪ್ಯಾನರಿನಿಂದ ಕೂದಲೆಳೆಯಷ್ಟು ಹಿಂದಕ್ಕೆ, ಅಷ್ಟೇ ಮುಂದಕ್ಕೆ ತಿರುಗಿಸುತ್ತಿದ್ದರು. ಬೋಲ್ಟೊಂದು ಒಳಗೇ ಮುರಿದರೆ ಎಂಜಿನ್ನಿನ ತಲೆಯನ್ನೇ ಇಳಿಸಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದರು. ಪ್ರತಿ ಬೋಲ್ಟು 'ಕಿರ್' ಎಂದಾಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಹದಿನಾಲ್ಕು ಬಂದವು. ಹದಿನೈದನೆಯದು ಬೆಣ್ಣೆಯ ಹಾಗೆ ತಿರುಗಿತು.

"ಹೋಗ್ಬುಟ್ತು," ಎಂದರು ಮೆಕ್ಯಾನಿಕ್.

ಮುರಿದು ಒಳಗೇ ಉಳಿದ ತುಂಡು ಒಂದು ಕಾಳಿನಷ್ಟು ಮಾತ್ರ ಹೊರಚಾಚಿತ್ತು. ಅವರು ಬೀಡಿ ಹಚ್ಚಲು ಆಚೆ ಹೋದರು. ಯಜಮಾನರೂ ನಾನೂ ಆ ಕಾಳನ್ನೇ ನೋಡುತ್ತ ನಿಂತೆವು. ಅವರು ಮರಳಿ ಬಂದು, ಆ ಕಾಳಿನ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗೇ ವೆಲ್ಡಿಂಗ್ ಹಾಕಿದರು. ಕೆಂಪಗಿದ್ದದ್ದು ಕಪ್ಪಾಗುವವರೆಗೆ ಕಾದರು. ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿದರು. ನಟ್ಟೂ ತುಂಡೂ ಒಟ್ಟಿಗೆ ಸುತ್ತಿಕೊಂಡು ಹೊರಬಂದವು. ಯಜಮಾನರು ಅದನ್ನು ಬಿಸಿಯಿದ್ದಾಗಲೇ ಹಿಡಿಯಲು ಹೋಗಿ ಬೆರಳು ಸುಟ್ಟುಕೊಂಡರು.

ಕೊನೆಯ ಬೋಲ್ಟು ತಕರಾರಿಲ್ಲದೆ ಬಂತು. ಹತ್ತು ದಿನದ ಮೇಲೆ ಹೆಡರುಗಳು ಸಿದ್ಧವಾದವು. ನೋಡಲು ಚೆಂದವಿದ್ದವು. ನಾಲ್ಕು ಕೊಳವೆ ಬಾಗಿ ಬಾಗಿ ಒಂದಾಗುವ ಕಡೆ ವೆಲ್ಡಿಂಗ್ ಸಾಲು ಮೀನಿನ ಹುರುಪೆಯಂತೆ ಸಮವಾಗಿತ್ತು. ನಾನು ಚೀಲದಿಂದ ಡಬ್ಬಿ ತೆಗೆದಾಗ ವೆಲ್ಡಿಂಗ್ ಮಾಡಿದವರ ಮುಖ ಸಣ್ಣದಾಯಿತು.

"ಮೂವತ್ತು ವರ್ಷ ಸರ್ವೀಸು ನಂದು ಅಕ್ಕಾ. ಸೈಲೆನ್ಸರ್‌ಗೆ ಯಾರಾದ್ರೂ ಬಣ್ಣ ಹೊಡೆದು ನೋಡ್ತಾರಾ?"

"ನಿಮ್ಮ ಮೇಲೆ ಅನುಮಾನ ಅಲ್ಲ ಅಣ್ಣಾ. ನನ್ನ ಮೇಲೆ," ಎಂದೆ.

ಒಂದು ಹೆಡರು ಬೆಳ್ಳಗೇ ಉಳಿಯಿತು. ಎರಡನೆಯದರ ಮೂಲೆಯಲ್ಲಿ, ಎರಡು ಕೊಳವೆ ಕೂಡುವ ಸಂದಿಯಲ್ಲಿ, ಸಾಸಿವೆಯಷ್ಟು ಕೆಂಪು ಚುಕ್ಕೆ ಎದ್ದಿತು. ಒರೆಸಿದೆ. ಮತ್ತೆ ಅಲ್ಲೇ ಎದ್ದಿತು. ಅವರು ಬಗ್ಗಿ ನೋಡಿದರು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಅದನ್ನು ಉಜ್ಜಿ ತೆಗೆದು ಹೊಸದಾಗಿ ವೆಲ್ಡಿಂಗ್ ಹಾಕಿದರು. ಮತ್ತೆ ಪರೀಕ್ಷೆ ಮಾಡಿದಾಗ ಚುಕ್ಕೆ ಇರಲಿಲ್ಲ. ಆಗ ಅವರೇ, "ಆ ಒಂದನ್ನೂ ಇನ್ನೊಂದ್ ಕಿತ ನೋಡ್ಬುಡಿ ಅಕ್ಕಾ," ಎಂದರು.

ಕೂರಿಸಿ ಚಾಲೂ ಮಾಡಿದ ದಿನ ಎರಡು ನಿಮಿಷಕ್ಕೆಲ್ಲ ಎಂಜಿನ್ನಿನ ಸುತ್ತ ಬಿಳಿ ಹೊಗೆ ಎದ್ದಿತು. ಯಜಮಾನರು ಹಾರಿ ಬೀಗದಕೈ ಕಿತ್ತರು. ನಾನು ಅತ್ತೆ ಎಲ್ಲಿದ್ದಾರೆಂದು ಮನೆಯೊಳಗೆ ಓಡಿದೆ. ಅವರು ತಮ್ಮ ಕೋಣೆಯಲ್ಲಿ ಟೀವಿ ನೋಡುತ್ತಿದ್ದರು. ಮೆಕ್ಯಾನಿಕ್ ನಕ್ಕರು. ಹೊಸ ಕೊಳವೆಗೆ ಬಳಿದ ಎಣ್ಣೆ ಉರಿದದ್ದಂತೆ. ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿ ಹಿಂದಿನಿಂದ ಗಾಳಿ ಹೊಡೆದು ತೋರಿಸಿದರು, ಎಲ್ಲಿಯೂ ಗುಳ್ಳೆ ಏಳಲಿಲ್ಲ. ನೆಲದ ತೂತಿಗೆ ತಗಡು ಕೂರಿಸಿದರು. ವಿಷಗಾಳಿ ಅಳೆದು ಕೂಗುವ ಪುಟ್ಟ ಯಂತ್ರವೊಂದನ್ನು ತರಿಸಿ ಮಂಚದ ತಲೆಯ ಬಳಿ ಹಾಕಿಸಿದೆ.

ಮೊದಲು ಮಲಗಿದ್ದು ನಾನು. ಕಿಟಕಿ ಮುಚ್ಚಿಕೊಂಡು ಶೂಲಗಿರಿಯವರೆಗೆ ಹೋಗಿಬಂದೆವು. ಯಂತ್ರದಲ್ಲಿ ಸೊನ್ನೆ ಬಿಟ್ಟರೆ ಬೇರೆ ಅಂಕಿ ಬರಲಿಲ್ಲ. ಆದರೂ ನನಗೆ ಹಣೆ ಬಿಗಿದಂತೆ, ಕಾಲು ಸೋತಂತೆ. ಎಷ್ಟು ನಿಜ, ಎಷ್ಟು ಭಯ ಎಂದು ತಿಳಿಯದೆ ಮಗ್ಗಿ ಹೇಳಿಕೊಂಡೆ. ಹದಿಮೂರರ ಮಗ್ಗಿ ತಪ್ಪದೆ ಬಂದಾಗ ಬುದ್ಧಿ ಸರಿಯಿದೆ ಎಂದು ಸಮಾಧಾನ ಮಾಡಿಕೊಂಡೆ. ಅಂಥ ಪರೀಕ್ಷೆ ಮೂರು ಸಲ ಮಾಡಿದೆವು.

ಮತ್ತೆ ಗಾಡಿ ಹತ್ತುತ್ತೀರಾ ಎಂದು ಅತ್ತೆಯನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಕರೆದರು.

"ನೀನೂ ನನ್ ಪಕ್ಕದಾಗೆ ಮಲೀಕತೀಯಾ?"

"ಹೂಂ ಅತ್ತೆ."

"ಅಂಗಾದ್ರೆ ಬತ್ತೀನಿ. ಏನೂ ಆಗಲ್ಲ ಅಂತ ಮಾತ್ರ ಯೋಳ್ಬೇಡ. ಅವತ್ತೂ ಇವ್ನು ಅಂಗೇ ಅಂದಿದ್ದ."

ಈ ಸಲ ಕಿಟಕಿಗಳೆಲ್ಲ ಅರ್ಧ ತೆರೆದಿದ್ದವು, ಅತ್ತೆ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು. ಕೃಷ್ಣಗಿರಿಯ ಟೋಲಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡೆವು. ಯಂತ್ರದ ಸೊನ್ನೆ ನಾಲ್ಕಾಯಿತು, ಒಂಬತ್ತಾಯಿತು. ನಾನು ಕೂಗಿಕೊಂಡೆ. ಯಜಮಾನರು ಸಾಲಿನಲ್ಲೇ ಎಂಜಿನ್ನು ಆರಿಸಿದರು. ಹಿಂದಿನವರು ಹಾರನ್ನು ಬಾರಿಸತೊಡಗಿದರು. ಎಂಜಿನ್ನು ಆರಿದ ಮೇಲೂ ಅಂಕಿ ಹನ್ನೊಂದಕ್ಕೇರಿತು. ಆಗ ನಮ್ಮ ಮುಂದೆ ಕಪ್ಪು ಹೊಗೆ ಬಿಡುತ್ತಿದ್ದ ಹಳೆಯ ವ್ಯಾನು ಕಣ್ಣಿಗೆ ಬಿತ್ತು. ಅದು ಟೋಲು ದಾಟಿ ಹೋದ ಮೇಲೆ ಅಂಕಿ ಇಳಿಯಿತು. ಸೊನ್ನೆ ಬರುವವರೆಗೂ ನಾನು ಅತ್ತೆಯ ಕೈ ಹಿಡಿದಿದ್ದೆ. "ಮೂಳೆ ಮುರೀತದೆ, ಬುಡು," ಎಂದರು.

ಧರ್ಮಪುರಿಯಲ್ಲಿ ಅತ್ತೆಯನ್ನು ಇಳಿಸುವ ಮೊದಲೇ ಅವರ ತಂಗಿ ಬಾಗಿಲು ತಡವಿಕೊಂಡು ಮೇಲೆ ಹತ್ತಿಬಿಟ್ಟರು. ಅಕ್ಕನ ಮುಖ, ಸೊಂಟ, ಕಾಲು ಎಲ್ಲ ಮುಟ್ಟಿ ನೋಡಿದರು. ಇಬ್ಬರೂ ಆ ಮಂಚದ ಮೇಲೆ ಪಕ್ಕಪಕ್ಕ ಮಲಗಿದರು. ಊಟಕ್ಕೂ ಇಳಿಯಲಿಲ್ಲ, ತಟ್ಟೆ ಅಲ್ಲಿಗೇ ಹೋಯಿತು. ಸಂಜೆ ತಂಗಿಗೆ ಗಾಡಿಯಲ್ಲಿ ಒಂದು ಸುತ್ತು ಹೋಗುವ ಆಸೆ.

ಮಂಚದ ಮೇಲೆ ನನಗೆ ಜಾಗವಿರಲಿಲ್ಲ. "ನೀನು ಮುಂದೆ ಕೂತ್ಕೊಳವ್ವ," ಎಂದರು ಅತ್ತೆ. ಕೂತೆ. ಯಜಮಾನರು ಕೆರೆಯ ಕಡೆಗೆ ನಿಧಾನವಾಗಿ ಓಡಿಸಿದರು. ಹಿಂದಿನಿಂದ ಒಂದೇ ಸಮನೆ ಮಾತು: ಯಾರದೋ ಮದುವೆ, ಯಾವುದೋ ಎಮ್ಮೆ, ಸತ್ತವರ ಸುದ್ದಿ. ನಾನು ಮಾತಿನ ಅರ್ಥ ಕೇಳುತ್ತಿರಲಿಲ್ಲ, ದನಿ ಇದೆಯೇ ಎಂದಷ್ಟೇ ಕೇಳುತ್ತಿದ್ದೆ. ಒಂದು ತಿರುವಿನಲ್ಲಿ ಇಬ್ಬರ ದನಿಯೂ ನಿಂತಿತು.

"ಅತ್ತೆ!" ಎಂದು ಕಿರುಚಿ ತಿರುಗಿದೆ.

"ಏನಮ್ಮಿ? ಬಾಯಿ ಒಣಗ್ತು, ಒಸಿ ನೀರು ಕುಡೀತಾ ಇದ್ವಿ," ಎಂದು ಅವರು ಲೋಟವನ್ನು ತಂಗಿಯ ಕೈಗೆ ಕೊಟ್ಟು, ಬಿಟ್ಟಲ್ಲಿಂದ ಮಾತು ಮುಂದುವರಿಸಿದರು.