ಭಾವನ ಉಕ್ಕಿನ ಬೋಲ್ಟು

ಅಕ್ಕನ ಗಂಡನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಆಲೋಚನೆಯೂ ಇಲ್ಲ.

ನಾನು ಭದ್ರಾವತಿಯ ಹೊಸಮನೆಯವಳು, ಶಿವಮೊಗ್ಗದ ಕಾಲೇಜೊಂದರಲ್ಲಿ ಮಷಿನ್ ಡ್ರಾಯಿಂಗ್ ಪಾಠ ಮಾಡುತ್ತೇನೆ. ಭಾವನೂ ನಾನೂ ಸೇರಿ ಭದ್ರಾ ಹಿನ್ನೀರಿಗೊಂದು ಹಾಯಿದೋಣಿ ಮಾಡಿದ್ದೆವು. ಅಕ್ಕಪಕ್ಕ ಎರಡು ಒಡಲಿರುವ ಕ್ಯಾಟಮರಾನ್, ಪ್ರತಿ ಒಡಲಿನ ಹಿಂದೆ ಒಂದು ಚುಕ್ಕಾಣಿ. ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಕಡೆ ಒಯ್ಯಬೇಡಿ, ಮುಳುಗಿದ ಮರದ ಬೊಡ್ಡೆಗಳಿವೆ ಎಂದು ಹೇಳಿಯೇ ಇದ್ದೆ. ಭಾವ ಒಯ್ದರು, ಎರಡೂ ಚುಕ್ಕಾಣಿ ಮುರಿದುಕೊಂಡು ಬಂದರು. ಆಮೇಲೆ ನಂಟರ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ ಕೂತು, "ಇವಳ ಡ್ರಾಯಿಂಗ್ ನಂಬಿ ಕೆಟ್ಟೆ ಮಾರಾಯ್ರೆ. ಬೋರ್ಡ್ ಮೇಲೆ ಗೆರೆ ಎಳೆಯೋರಿಗೆ ನೀರಿನ ವಿಷಯ ಏನ್ ಗೊತ್ತು" ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ದೋಣಿಯನ್ನು ಅವರಿಗೇ ಬಿಟ್ಟು ಅಂಥದ್ದೇ ಎರಡು ಒಡಲಿನ ನನ್ನದೊಂದು ಕಟ್ಟಿಸಿದೆ. ಸದಾ ಆಳವಿಲ್ಲದ ನೀರಿನಲ್ಲಿ ನಿಲ್ಲುವ ದೋಣಿಗೆ ಎತ್ತುವ ಚುಕ್ಕಾಣಿ ಬೇಕು. ಮೊದಲು ಹಿಂದಕ್ಕೆ ಮಡಚುವಂತೆ ಮಾಡಿದೆ. ಅರ್ಧ ಎತ್ತಿದರೆ ಹಿಡಿ ತಿರುಗಿಸಲು ರಟ್ಟೆ ಬಿದ್ದುಹೋಗುತ್ತಿತ್ತು. ಆಮೇಲೆ ಚುಕ್ಕಾಣಿಯ ಹಲಗೆ ಒಂದು ಪೆಟ್ಟಿಗೆಯೊಳಗೆ ನೇರ ಮೇಲಕ್ಕೂ ಕೆಳಕ್ಕೂ ಜಾರುವಂತೆ ಬರೆದೆ. ಹಿಡಿಯೇನೋ ಹಗುರಾಯಿತು, ಆದರೆ ಬೊಡ್ಡೆ ಬಡಿದರೆ? ಪೆಟ್ಟಿಗೆಯನ್ನೇ ಕೀಲಿನ ಮೇಲೆ ತೂಗುಹಾಕಿ, ಕೆಳಗೆ ಒಂದು ಸಣ್ಣ ಮರದ ಗೂಟದಿಂದ ಬಿಗಿದೆ. ಪೆಟ್ಟು ಬಿದ್ದರೆ ಗೂಟ ಮುರಿದು ಪೆಟ್ಟಿಗೆ ಹಿಂದಕ್ಕೆ ಏಳಬೇಕು, ದೋಣಿ ಉಳಿಯಬೇಕು.

ಭದ್ರಾವತಿಯ ವೆಲ್ಡಿಂಗ್ ಶೆಡ್ಡಿನಲ್ಲಿ ಅದು ತಯಾರಾಗುತ್ತಿದ್ದಾಗ ಭಾವ ಬಂದು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋದರು. ಸ್ವಲ್ಪ ದಿನದಲ್ಲೇ ಅವರ ದೋಣಿಗೂ ಅದೇ ಚುಕ್ಕಾಣಿ ಬಂತು. ತಮ್ಮದೇ ಡಿಸೈನ್ ಎಂದು ಊರಿಗೆಲ್ಲ ಡಂಗುರ ಬೇರೆ. ಗೂಟದ ಜಾಗದಲ್ಲಿ ಮಾತ್ರ ಉಕ್ಕಿನ ಬೋಲ್ಟು. ಅಲ್ಲಿ ಮರದ್ದೇ ಇರಬೇಕು ಎಂದು ಎದುರಿಗೇ ಹೇಳಿದೆ. ಗಟ್ಟಿ ಕೆಲಸ ಗಂಡಸರಿಗೆ ಬಿಡು ಅಂದರು. ಬಿಟ್ಟೆ.

ಕಳೆದ ಬೇಸಿಗೆಯಲ್ಲಿ ಅಕ್ಕನನ್ನೂ ಆಫೀಸಿನ ಇಬ್ಬರು ಗೆಳೆಯರನ್ನೂ ಕೂರಿಸಿಕೊಂಡು ಹೊರಟರು. ನಾನು ನನ್ನ ದೋಣಿಯಲ್ಲಿ ಹಿಂದೆಯೇ ಇದ್ದೆ. ಬೊಡ್ಡೆ ಬಡಿಯಿತು. ಬೋಲ್ಟು ಮುರಿಯಲಿಲ್ಲ, ಒಡಲಿನ ಹಿಂಭಾಗವೇ ಕಿತ್ತುಬಂತು. ದೋಣಿ ಒಂದು ಕಡೆ ಕೂತಿತು, ನಾಲ್ವರೂ ಮೊಣಕಾಲುದ್ದ ಕೆಸರುನೀರಿಗೆ ಇಳಿದರು. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ನನ್ನ ದೋಣಿಯ ಎರಡೂ ಚುಕ್ಕಾಣಿ ಮೇಲೆತ್ತಿ ಅವರ ಪಕ್ಕಕ್ಕೇ ತೇಲಿಸಿದೆ. ಭಾವ ಹತ್ತಲು ಕೈ ಚಾಚಿದರು.

"ಈ ಚುಕ್ಕಾಣಿ ಯಾರ ಡಿಸೈನ್ ಅಂತ ಮೊದಲು ಇವರಿಗೆ ಹೇಳಿ ಭಾವ. ಆಮೇಲೆ ಹತ್ತಿ."

ಭಾವ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡರು. ಸೀರೆ ಎತ್ತಿ ಹಿಡಿದಿದ್ದ ಅಕ್ಕನೇ ಬಾಯಿ ಬಿಟ್ಟಳು. "ಅವಳದ್ದು. ಇವರು ಕದ್ದಿದ್ದು. ಆವತ್ತು ಹಳೇ ಚುಕ್ಕಾಣಿ ಮುರಿದಿದ್ದೂ ಇವರೇ, ನಾನು ಸುಮ್ಮನಿದ್ದೆ."

ಅಕ್ಕ ಹತ್ತಿದಳು. ಗೆಳೆಯರೂ ಮುಖ ತಗ್ಗಿಸಿಕೊಂಡು ಹತ್ತಿದರು. ಕೆಸರಿನಲ್ಲಿ ಉಳಿದವರು ಭಾವ ಒಬ್ಬರೇ, ದೋಣಿಯಲ್ಲಿ ಇನ್ನೂ ಒಬ್ಬರಿಗೆ ಜಾಗವಿತ್ತು. ಅಕ್ಕನ ಮುಖ ನೋಡಿದೆ.

"ನಡಿ" ಅಂದಳು.